ನಿರ್ದೇಶಕರಿಗೆ ಎಷ್ಟು ಸಿಗುತ್ತದೆ, ಎಷ್ಟು ವರ್ಷದ ದುಡಿಮೆಗೆ ಸಿಗುತ್ತದೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವನು. ಹಾಸನದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಸಿನಿಮಾ ನಿರ್ದೇಶಕನಾಗಬೇಕೆಂದು ಹೈಸ್ಕೂಲಿನಿಂದಲೂ ಆಸೆ. ನಿರ್ದೇಶಕರಿಗೆ ವರ್ಷಕ್ಕೆ ಸರಾಸರಿ ಎಪ್ಪತ್ತು ಲಕ್ಷ ರೂಪಾಯಿ ಸಿಗುತ್ತದೆ ಎಂದು ಅಂತರ್ಜಾಲದಲ್ಲಿ ಓದಿದೆ. ಇದು ನಿಜವೇ? ಕನ್ನಡದಲ್ಲಿ ಎಷ್ಟು ಸಿಗಬಹುದು? ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ನಿರ್ದೇಶನದ ಕೋರ್ಸ್ ಸೇರಿಸಲು ನಮ್ಮ ತಂದೆಯವರು ಕಾಫಿ ತೋಟದಲ್ಲಿ ಒಂದು ಎಕರೆ ಮಾರಲೂ ಸಿದ್ಧರಿದ್ದಾರೆ. ಸೇರಬಹುದೇ? ಬೇರೆ ದಾರಿ ಇದೆಯೇ?

ಉತ್ತರ: ನೀವು ಓದಿದ ಎಪ್ಪತ್ತು ಲಕ್ಷದ ಅಂಕಿ ಅಮೆರಿಕದ್ದು. ಅಲ್ಲಿನ ಸರ್ಕಾರದ ಕಾರ್ಮಿಕ ಅಂಕಿಅಂಶ ವಿಭಾಗ ಒಂದೊಂದು ವೃತ್ತಿಯ ಸಂಬಳವನ್ನೂ ವರ್ಷವರ್ಷ ಲೆಕ್ಕ ಹಾಕಿ ಪ್ರಕಟಿಸುತ್ತದೆ. 2023ರ ಮೇ ತಿಂಗಳ ಲೆಕ್ಕದ ಪ್ರಕಾರ ನಿರ್ಮಾಪಕರು ಮತ್ತು ನಿರ್ದೇಶಕರ ನಡುಮಟ್ಟದ ವಾರ್ಷಿಕ ಸಂಬಳ 82 ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಅದನ್ನೇ ಯಾರೋ ರೂಪಾಯಿಗೆ ಪರಿವರ್ತಿಸಿ ಬರೆದಿದ್ದಾರೆ. ಆ ಲೆಕ್ಕದಲ್ಲಿ ಸಿನಿಮಾದವರ ಜತೆಗೆ ಟಿ.ವಿ., ರೇಡಿಯೊ ಮತ್ತು ರಂಗಭೂಮಿಯವರೂ ಸೇರಿದ್ದಾರೆ. ಸಂಬಳಕ್ಕೆ ದುಡಿಯುವವರನ್ನು ಮಾತ್ರ ಎಣಿಸಿ, ಸ್ವತಂತ್ರವಾಗಿ ಒಪ್ಪಂದದ ಮೇಲೆ ದುಡಿಯುವವರನ್ನು ಹೊರಗಿಟ್ಟಿದ್ದಾರೆ. ಇದಲ್ಲದೆ ಅಲ್ಲಿನ ನಿರ್ದೇಶಕರ ಸಂಘಟನೆಗೆ ದೊಡ್ಡ ನಿರ್ಮಾಣ ಸಂಸ್ಥೆಗಳ ಜತೆ ಒಪ್ಪಂದವಿದ್ದು, ದೊಡ್ಡ ಬಜೆಟ್ಟಿನ ಚಿತ್ರಕ್ಕೆ ವಾರಕ್ಕೆ 20 ಸಾವಿರ ಡಾಲರಿಗಿಂತ ಕಡಿಮೆ ಕೊಡುವಂತಿಲ್ಲ, ಕನಿಷ್ಠ 10 ವಾರಗಳ ಸಂಭಾವನೆಯನ್ನು ಖಾತ್ರಿಪಡಿಸಬೇಕು ಎಂಬ ಕಟ್ಟುಪಾಡಿದೆ. ನಮ್ಮ ಚಿತ್ರೋದ್ಯಮದ ನೆಲೆಯಾದ ಬೆಂಗಳೂರಿನ ಗಾಂಧಿನಗರದಲ್ಲಿ ನಿರ್ದೇಶಕನಿಗೆ ಅಂಥ ಕನಿಷ್ಠ ಮಿತಿ ಆಚರಣೆಯಲ್ಲಿಲ್ಲ. ನಿರ್ಮಾಪಕರ ಎದುರು ಕುಳಿತು ಮಾತನಾಡಿ ಒಪ್ಪಿಕೊಂಡದ್ದೇ ಸಂಭಾವನೆ. ಆದ್ದರಿಂದ ಆ ಅಂಕಿಯನ್ನು ಇಲ್ಲಿಗೆ ಬಿಟ್ಟು ನಮ್ಮ ನೆಲದ ಲೆಕ್ಕಕ್ಕೆ ಬರೋಣ.

ಕನ್ನಡ ಚಿತ್ರರಂಗದಲ್ಲಿ ಯಾರಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಯಾರೂ ದಾಖಲೆ ಸಮೇತ ಪ್ರಕಟಿಸುವುದಿಲ್ಲ. ಪತ್ರಿಕೆಗಳಲ್ಲಿ ಬರುವ ಕೋಟಿಗಳ ಸುದ್ದಿಯಲ್ಲಿ ಪ್ರಚಾರದ ಪಾಲು ದೊಡ್ಡದು. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಸಹಾಯಕನಾಗಿ, ಸಹ ನಿರ್ದೇಶಕನಾಗಿ, ಆಮೇಲೆ ಧಾರಾವಾಹಿ ಮತ್ತು ಚಿತ್ರಗಳ ನಿರ್ದೇಶಕನಾಗಿ ಕೆಲಸ ಮಾಡಿ ಈಗ ಹಾಸನದಲ್ಲಿ ನೆಲೆಸಿದ್ದೇನೆ. ಕೆಳಗೆ ಕೊಡುವ ಮೊತ್ತಗಳು ನಾನು ಸಹಿ ಹಾಕಿದ, ಕಣ್ಣಾರೆ ಕಂಡ, ಜತೆಗಾರರಿಂದ ಕೇಳಿ ತಿಳಿದ ಒಪ್ಪಂದಗಳ ಅಂದಾಜು ಎಂದು ತಿಳಿಯಿರಿ. ಹೊಸದಾಗಿ ಸೇರುವ ಸಹಾಯಕ ನಿರ್ದೇಶಕನಿಗೆ ಮೊದಲ ಚಿತ್ರದಲ್ಲಿ ಊಟ, ತಿಂಡಿ, ಚಿತ್ರೀಕರಣದ ದಿನಗಳ ಬಾಟಾ (ದಿನಭತ್ಯೆ) ಬಿಟ್ಟು ಬೇರೇನೂ ಸಿಗದಿರುವುದುಂಟು. ಸ್ವಲ್ಪ ಪಳಗಿದ ಮೇಲೆ ತಿಂಗಳಿಗೆ ಹತ್ತರಿಂದ ಇಪ್ಪತ್ತು ಸಾವಿರ, ಸಹ ನಿರ್ದೇಶಕನ ಮಟ್ಟಕ್ಕೆ ಬಂದರೆ ಮೂವತ್ತರಿಂದ ಅರವತ್ತು ಸಾವಿರ. ಅದೂ ಚಿತ್ರ ನಡೆಯುತ್ತಿರುವ ತಿಂಗಳುಗಳಲ್ಲಿ ಮಾತ್ರ. ಮೊದಲ ಚಿತ್ರ ನಿರ್ದೇಶಿಸುವವರಿಗೆ ಚಿಕ್ಕ ಬಜೆಟ್ಟಿನಲ್ಲಿ ಒಟ್ಟು ಮೂರು ಲಕ್ಷದಿಂದ ಹತ್ತು ಲಕ್ಷದವರೆಗೆ ಸಿಗಬಹುದು. ಒಂದು ಚಿತ್ರ ಚೆನ್ನಾಗಿ ಓಡಿದರೆ ಮುಂದಿನದಕ್ಕೆ ಇಪ್ಪತ್ತೈದು ಲಕ್ಷದಿಂದ ಒಂದು ಕೋಟಿಯವರೆಗೆ ಕೇಳುವ ಧೈರ್ಯ ಬರುತ್ತದೆ. ಹಲವು ಕೋಟಿ ಪಡೆದು, ಲಾಭದಲ್ಲೂ ಪಾಲು ಪಡೆಯುವವರು ಬೆರಳೆಣಿಕೆಯಷ್ಟು ಮಂದಿ. ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆ ಕಾಣುತ್ತಿರುವಾಗ ಆ ಕೆಲವರನ್ನೇ ಮಾದರಿಯಾಗಿಟ್ಟುಕೊಂಡು ಮನೆಯ ಲೆಕ್ಕ ಹಾಕಬಾರದು.

ನೀವು ವಾಣಿಜ್ಯದ ವಿದ್ಯಾರ್ಥಿಯಾದ್ದರಿಂದ ಮುಂದಿನ ಮಾತು ನಿಮಗೆ ಬೇಗ ಅರ್ಥವಾಗುತ್ತದೆ. ಸಂಭಾವನೆ ಎಷ್ಟು ಎಂದು ಕೇಳಿದ ಕೂಡಲೇ ಅದು ಎಷ್ಟು ತಿಂಗಳ ದುಡಿಮೆಗೆ ಎಂದೂ ಕೇಳಬೇಕು. ಮೊದಲ ಚಿತ್ರಕ್ಕೆ ಆರು ಲಕ್ಷ ರೂಪಾಯಿಗೆ ಒಪ್ಪಿಕೊಂಡ ಒಬ್ಬ ನಿರ್ದೇಶಕನನ್ನು ಊಹಿಸಿಕೊಳ್ಳಿ. ಒಪ್ಪಂದ ಪತ್ರದಲ್ಲಿ ಹಣ ಹೀಗೆ ಹಂಚಿಕೆಯಾಗಿರುತ್ತದೆ: ಸಹಿ ಹಾಕಿದ ದಿನ ಐವತ್ತು ಸಾವಿರ ಅಡ್ವಾನ್ಸ್, ಚಿತ್ರಕಥೆ ಪೂರ್ಣಗೊಳಿಸಿ ಕೊಟ್ಟಾಗ ಒಂದು ಲಕ್ಷ, ಮುಹೂರ್ತದ ದಿನ ಒಂದು ಲಕ್ಷ, ಕುಂಬಳಕಾಯಿ ಒಡೆದು ಚಿತ್ರೀಕರಣ ಮುಗಿಸಿದಾಗ ಒಂದು ಲಕ್ಷ, ಡಬ್ಬಿಂಗ್ ಮುಗಿದಾಗ ಒಂದು ಲಕ್ಷ, ಫಸ್ಟ್ ಕಾಪಿ (ಪ್ರದರ್ಶನಕ್ಕೆ ಸಿದ್ಧವಾದ ಮೊದಲ ಪ್ರತಿ) ಕೈಗೆ ಬಂದಾಗ ಉಳಿದ ಒಂದೂವರೆ ಲಕ್ಷ. ಕಥೆ ಹಿಡಿದು ನಿರ್ಮಾಪಕರನ್ನು ಹುಡುಕುವುದಕ್ಕೆ ಒಂದು ವರ್ಷ, ಕಲಾವಿದರ ಕಾಲ್‌ಶೀಟ್ ಹೊಂದಿಸಿ ಚಿತ್ರೀಕರಣ ಮುಗಿಸುವುದಕ್ಕೆ ಇನ್ನೊಂದು ವರ್ಷ, ಸಂಕಲನ, ಡಬ್ಬಿಂಗ್, ಹಿನ್ನೆಲೆ ಸಂಗೀತದ ರೀರೆಕಾರ್ಡಿಂಗ್, ಸೆನ್ಸಾರ್ ದಾಟಿ ಚಿತ್ರಮಂದಿರಕ್ಕೆ ತರುವುದಕ್ಕೆ ಮತ್ತೊಂದು ವರ್ಷ ಹಿಡಿದರೆ ಅದನ್ನು ವಿಳಂಬವೆಂದು ಯಾರೂ ಅನ್ನುವುದಿಲ್ಲ. ಆರು ಲಕ್ಷವನ್ನು ಮೂವತ್ತಾರು ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ ಹದಿನಾರು ಸಾವಿರದ ಆರುನೂರು ಚಿಲ್ಲರೆ. ಪ್ರತಿ ಕಂತಿನಲ್ಲೂ ಶೇ 10ರಷ್ಟು ಟಿ.ಡಿ.ಎಸ್. (ಮೂಲದಲ್ಲೇ ಕಡಿತವಾಗುವ ತೆರಿಗೆ) ಮುರಿದುಕೊಂಡೇ ಹಣ ಕೊಡುತ್ತಾರೆ. ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸಿ ವಾಪಸು ಪಡೆಯಬಹುದಾದರೂ ಆ ತಿಂಗಳ ಬಾಡಿಗೆಗೆ ಅದು ಒದಗುವುದಿಲ್ಲ.

ಕೊನೆಯ ಕಂತಿನ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಎಡವುವುದು ಅಲ್ಲೇ. ನನ್ನ ಮೊದಲ ಚಿತ್ರದ ಕೊನೆಯ ಕಂತು ಇವತ್ತಿಗೂ ಬಂದಿಲ್ಲ. ಚಿತ್ರ ಮುಗಿಯುವ ಹೊತ್ತಿಗೆ ನಿರ್ಮಾಪಕರ ಕೈ ಬರಿದಾಗಿತ್ತು. ಬಿಡುಗಡೆಯಾಗಲಿ, ಆಮೇಲೆ ಕೊಡುತ್ತೇನೆ ಎಂದರು. ಬಿಡುಗಡೆಯಾದ ಎರಡನೆಯ ವಾರಕ್ಕೆ ಚಿತ್ರ ಎತ್ತಂಗಡಿಯಾಯಿತು. ಅವರೂ ಸಾಲ ಮಾಡಿದ್ದರು, ಮನೆಯ ಪತ್ರ ಅಡವಿಟ್ಟಿದ್ದರು ಎಂಬುದು ನನಗೆ ಗೊತ್ತಿದ್ದ ಕಾರಣ ಜಗಳಕ್ಕೆ ಹೋಗಲು ಮನಸ್ಸಾಗಲಿಲ್ಲ. ಮೇಲಿನ ಲೆಕ್ಕದಲ್ಲಿ ಆ ಒಂದೂವರೆ ಲಕ್ಷವನ್ನು ಕಳೆದು ನೋಡಿ: ತಿಂಗಳಿಗೆ ಹನ್ನೆರಡೂವರೆ ಸಾವಿರ ಉಳಿಯುತ್ತದೆ. ಆದ್ದರಿಂದ ನಾನು ನನ್ನ ಬಳಿ ಬರುವ ಎಲ್ಲ ಕಿರಿಯರಿಗೂ ಹೇಳುವುದು, ಕೊನೆಯ ಕಂತನ್ನು ಚಿಕ್ಕದು ಮಾಡಿ, ಮೊದಲ ಮೂರು ಕಂತುಗಳನ್ನು ದೊಡ್ಡದು ಮಾಡಿ ಎಂದು. ಬಿಡುಗಡೆಯ ದಿನಾಂಕ ನಿರ್ದೇಶಕನ ಕೈಯಲ್ಲಿಲ್ಲ. ಕಂತನ್ನು ಬಿಡುಗಡೆಗೆ ಕಟ್ಟಿಹಾಕುವ ಬದಲು ಡಬ್ಬಿಂಗ್ ಮುಗಿಸಿಕೊಟ್ಟ ದಿನಕ್ಕೆ ಕಟ್ಟಬೇಕು.

ಲಾಭದಲ್ಲಿ ಪಾಲು ಕೊಡುತ್ತೇವೆ, ಸಂಭಾವನೆ ಕಡಿಮೆ ತೆಗೆದುಕೊಳ್ಳಿ ಎಂಬ ಮಾತನ್ನೂ ನೀವು ಕೇಳುವಿರಿ. ಟಿಕೆಟ್ ಹಣದಲ್ಲಿ ಮೊದಲು ಜಿಎಸ್‌ಟಿ ಹೋಗುತ್ತದೆ. ಮಲ್ಟಿಪ್ಲೆಕ್ಸ್ ಆದರೆ ಉಳಿದದ್ದರಲ್ಲಿ ಮೊದಲ ವಾರ ಸುಮಾರು ಅರ್ಧ, ಆಮೇಲಿನ ವಾರಗಳಲ್ಲಿ ಇನ್ನೂ ಹೆಚ್ಚು ಪಾಲು ಅವರದು; ಹಾಸನ, ಚಿಕ್ಕಮಗಳೂರಿನಂಥ ಊರುಗಳ ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆ ಕಟ್ಟುವ ಪದ್ಧತಿ ಬಹುಕಾಲದಿಂದ ನಡೆದುಬಂದಿದ್ದು, ಜನ ಬರಲಿ ಬಿಡಲಿ ಬಾಡಿಗೆ ಕೊಡಲೇಬೇಕು. ಆಮೇಲೆ ವಿತರಕರ ಕಮಿಷನ್, ಪ್ರಚಾರದ ಖರ್ಚು, ಡಿಜಿಟಲ್ ಪ್ರದರ್ಶನದ ಶುಲ್ಕ, ಅದಾದ ಮೇಲೆ ಹಾಕಿದ ಬಂಡವಾಳ ಮತ್ತು ಅದರ ಬಡ್ಡಿ. ಇವೆಲ್ಲ ಕಳೆದು ಉಳಿದದ್ದಕ್ಕೆ ಲಾಭ ಎಂದು ಹೆಸರು. ಸ್ಯಾಟಲೈಟ್ (ಟಿ.ವಿ. ಪ್ರಸಾರ), ಓಟಿಟಿ, ಡಬ್ಬಿಂಗ್ ಹಕ್ಕುಗಳಿಂದ ಬರುವ ಹಣ ಈ ಲೆಕ್ಕದೊಳಗೆ ಸೇರುತ್ತದೆಯೋ ಇಲ್ಲವೋ ಎಂಬುದನ್ನು ಒಪ್ಪಂದದಲ್ಲಿ ಬರೆಸದಿದ್ದರೆ ಪಾಲಿನ ಮಾತಿಗೆ ಬೆಲೆಯಿಲ್ಲ. ಸರ್ಕಾರ ಆಯ್ದ ಕನ್ನಡ ಚಿತ್ರಗಳಿಗೆ ಕೊಡುವ ಸಹಾಯಧನವೂ ಸೇರುವುದು ನಿರ್ಮಾಪಕರ ಖಾತೆಗೆ.

ಇನ್ನೊಂದು ಸಂಗತಿ ನಿರ್ದೇಶಕರಲ್ಲೇ ಅನೇಕರಿಗೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ನಿರ್ಮಾಪಕ. ಪ್ರಧಾನ ನಿರ್ದೇಶಕನನ್ನೂ ಸಹ ಕರ್ತೃವೆಂದು ಪರಿಗಣಿಸಬೇಕೆಂಬ ಪ್ರಸ್ತಾವ 2010ರ ತಿದ್ದುಪಡಿ ಮಸೂದೆಯಲ್ಲಿತ್ತಾದರೂ 2012ರಲ್ಲಿ ಕಾಯ್ದೆ ಅಂಗೀಕಾರವಾಗುವ ಹೊತ್ತಿಗೆ ಅದನ್ನು ಕೈಬಿಡಲಾಯಿತು. ಅದೇ 2012ರ ತಿದ್ದುಪಡಿ ಚಿತ್ರದಲ್ಲಿ ಬಳಕೆಯಾದ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳಿಗೆ ಮಾತ್ರ ಒಂದು ಗಟ್ಟಿ ಹಕ್ಕನ್ನು ಕೊಟ್ಟಿತು: ಚಿತ್ರಮಂದಿರದ ಪ್ರದರ್ಶನದ ಹೊರಗೆ ಆ ಕೃತಿಯ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಅವರು ಬಿಟ್ಟುಕೊಡುವಂತಿಲ್ಲ. ಕಾನೂನಿನ ಕಣ್ಣಲ್ಲಿ ಚಿತ್ರಕಥೆಯೂ ಸಂಭಾಷಣೆಯೂ ಸಾಹಿತ್ಯ ಕೃತಿಗಳೇ. ಅಂದರೆ ಬರೀ ನಿರ್ದೇಶನ ಮಾಡಿದವನು ಸಂಭಾವನೆ ಪಡೆದು ಹೊರನಡೆಯುತ್ತಾನೆ. ತಾನೇ ಬರೆದು ನಿರ್ದೇಶಿಸಿದವನಿಗೆ ಬರಹಗಾರನಾಗಿ ಒಂದು ಹಿಡಿತ ಉಳಿದಿರುತ್ತದೆ. ಚಿತ್ರ ಬೇರೆ ಭಾಷೆಗೆ ರೀಮೇಕ್ ಆಗುವಾಗ ಕಥೆಯ ಹಕ್ಕು ಯಾರದ್ದು ಎಂಬ ಪ್ರಶ್ನೆ ಏಳುತ್ತದೆ. ಆ ದಿನ ಅದು ತನ್ನದೆಂದು ಹೇಳಲು ಒಪ್ಪಂದ ಬೇಕು. ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಂಬ ನಾಲ್ಕೂ ಕೆಲಸಗಳನ್ನು ಒಂದೇ ಸಾಲಿನಲ್ಲಿ ಸೇರಿಸಿ ಒಂದೇ ಮೊತ್ತ ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಹಾಗೆ ಮಾಡಬೇಡಿ. ಬರವಣಿಗೆಗೆ ಬೇರೆ ಒಪ್ಪಂದ, ನಿರ್ದೇಶನಕ್ಕೆ ಬೇರೆ ಒಪ್ಪಂದ ಮಾಡಿಸಿ. ಹೊಸಬರಿಗೆ ಇದನ್ನು ಕೇಳಲು ಸಂಕೋಚ. ಸೌಜನ್ಯದಿಂದ ಕೇಳಿದ ಹೊಸಬನನ್ನು ಆ ಕಾರಣಕ್ಕಾಗಿಯೇ ಕೈಬಿಟ್ಟ ನಿರ್ಮಾಪಕರನ್ನು ನಾನು ನೋಡಿಲ್ಲ.

ಈಗ ನಿರ್ದೇಶಕನಾಗುವ ದಾರಿಯ ಮಾತು. ಸಂಸ್ಥೆಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ದೇಶದಲ್ಲಿ ಕೇಂದ್ರ ಸರ್ಕಾರದ ಎರಡು ಹಳೆಯ ಸಂಸ್ಥೆಗಳಿವೆ, ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಮತ್ತು ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ. ಮೊದಲನೆಯದು 1960ರಲ್ಲಿ, ಎರಡನೆಯದು 1995ರಲ್ಲಿ ಆರಂಭವಾದದ್ದು. ಎರಡರಲ್ಲೂ ನಿರ್ದೇಶನ ಮತ್ತು ಚಿತ್ರಕಥಾ ರಚನೆಯ ಮೂರು ವರ್ಷದ ಕೋರ್ಸ್ ಇದೆ. ಯಾವುದೇ ಪದವಿ ಇದ್ದರೂ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬಹುದು, ನಿಮ್ಮ ಬಿ.ಕಾಂ. ಅಲ್ಲಿ ಪೂರ್ತಿ ಚಾಲ್ತಿಯ ಪದವಿ. ಸೀಟುಗಳು ಕೆಲವೇ. ಕನ್ನಡಕ್ಕೆ ನಾಲ್ಕು ಬಾರಿ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ತಂದ ಗಿರೀಶ ಕಾಸರವಳ್ಳಿಯವರು ಔಷಧ ವಿಜ್ಞಾನ ಓದಿದ ಮೇಲೆ ಪುಣೆಗೆ ಹೋದವರು. ಮೈಸೂರಿನ ಚಿದಾನಂದ ನಾಯಕ್ ವೈದ್ಯಕೀಯ ಮುಗಿಸಿ, ಪುಣೆಯಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಭಾಗವಾಗಿ ಮಾಡಿದ ಹದಿನಾರು ನಿಮಿಷದ ಕನ್ನಡ ಕಿರುಚಿತ್ರಕ್ಕೆ 2024ರ ಕಾನ್ ಉತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ವಿಭಾಗದ ಮೊದಲ ಬಹುಮಾನ ಬಂತು. ನಮ್ಮಲ್ಲಿ ಹೆಸರಘಟ್ಟದ ಸರ್ಕಾರಿ ಸಂಸ್ಥೆ ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಡಿಪ್ಲೊಮಾಗೆ ಹೆಸರಾದದ್ದು. ಗುರುದತ್ತರ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಅದರ ಮೂಲ ಸಂಸ್ಥೆಯಾದ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತವರು. ಖಾಸಗಿ ಸಂಸ್ಥೆಗಳಲ್ಲಿ ಒಳ್ಳೆಯವೂ ಇವೆ, ಆರು ತಿಂಗಳಲ್ಲಿ ನಿರ್ದೇಶಕರನ್ನಾಗಿ ಮಾಡುತ್ತೇವೆಂದು ಜಾಹೀರಾತು ಕೊಡುವಂಥವೂ ಇವೆ. ಸೇರುವ ಮುನ್ನ ಅಲ್ಲಿ ಹಿಂದೆ ಕಲಿತವರು ಮಾಡಿದ ಚಿತ್ರಗಳನ್ನು ತೋರಿಸಿ ಎಂದು ಕೇಳಿ. ತೋರಿಸಲು ಏನೂ ಇಲ್ಲದಿದ್ದರೆ ಎದ್ದು ಬನ್ನಿ.

ಕನ್ನಡದಲ್ಲಿ ನಿರ್ದೇಶಕರಾದ ಬಹುತೇಕರು ಬಂದದ್ದು ಇನ್ನೊಬ್ಬ ನಿರ್ದೇಶಕರ ಕೈಕೆಳಗಿನಿಂದ. ಪುಟ್ಟಣ್ಣ ಕಣಗಾಲರು ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಕೆಲಸ ಮಾಡಿ ಬೆಳೆದವರು. ಸಹಾಯಕನ ಕೆಲಸವೆಂದರೆ ಕ್ಲಾಪ್ ಹೊಡೆಯುವುದು, ಕಲಾವಿದರನ್ನು ಕರೆತರುವುದು ಎಂದು ಹೊರಗಿನವರು ತಿಳಿಯುತ್ತಾರೆ. ಅದರ ನಿಜವಾದ ಪಾಠ ಎಲ್ಲಿದೆ ಎಂದು ನಿಮ್ಮ ಊರಿನ ಸಮೀಪದ ಒಂದು ಚಿತ್ರೀಕರಣದಿಂದಲೇ ತಿಳಿಸುತ್ತೇನೆ.

ಸಕಲೇಶಪುರದ ಹತ್ತಿರದ ಒಂದು ತೋಟದಲ್ಲಿ ಜೂನ್ ತಿಂಗಳಲ್ಲಿ ನಾವು ಮಳೆಯ ದೃಶ್ಯ ತೆಗೆಯುತ್ತಿದ್ದೆವು. ಮಳೆ ಸುರಿಯುತ್ತಲೇ ಇತ್ತು. ಆದರೂ ಎರಡು ಟ್ಯಾಂಕರ್ ನೀರು ತರಿಸಿದ್ದೆವು. ತೋಟದ ಕೆಲಸದವರಿಗೆ ಇದು ಅರ್ಥವಾಗಲಿಲ್ಲ. ಬಾನಿಂದ ಬೀಳುವ ಹನಿ ಹಿಂದಿನಿಂದ ಬೆಳಕು ಬೀಳದಿದ್ದರೆ ಕ್ಯಾಮೆರಾಕ್ಕೆ ಹೆಚ್ಚು ಕಾಣುವುದಿಲ್ಲ. ದಪ್ಪ ಹನಿಯನ್ನು ಪೈಪಿನಿಂದ ಚಿಮ್ಮಿಸಿ, ಹಿಂದೆ ಲೈಟ್ ಇಟ್ಟಾಗಲೇ ತೆರೆಯ ಮೇಲೆ ಮಳೆ ಎನಿಸುತ್ತದೆ. ಮೇಲಾಗಿ ನಿಜವಾದ ಮಳೆ ಶಾಟ್ ನಡುವೆ ನಿಂತುಬಿಡುತ್ತದೆ. ಅಂದು ಕಂಟಿನ್ಯುಟಿ (ಶಾಟ್‌ನಿಂದ ಶಾಟ್‌ಗೆ ಉಡುಪು, ವಸ್ತು, ಚಲನೆ ಹೊಂದುವಂತೆ ಇಡುವ ಟಿಪ್ಪಣಿ) ಬರೆಯುತ್ತಿದ್ದ ಸಹಾಯಕಿ ಚಿಕ್ಕಮಗಳೂರು ಕಡೆಯ ಹುಡುಗಿ, ಅದು ಅವಳ ಎರಡನೆಯ ಚಿತ್ರ. ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಚೀಲದೊಳಗೇ ಕೈ ತೂರಿಸಿ ಬರೆಯುತ್ತಿದ್ದಳು. ಹದಿನೇಳನೆಯ ದೃಶ್ಯ, ನಾಲ್ಕನೆಯ ಶಾಟ್: ಛತ್ರಿ ಬಲಗೈಯಲ್ಲಿ, ಸೆರಗು ಎಡಭುಜದವರೆಗೆ ಒದ್ದೆ, ಬಲಗಡೆ ಒಣಗಿದೆ, ಚಪ್ಪಲಿಗೆ ಕೆಸರು, ಮಾತಿನ ನಡುವೆ ಒಮ್ಮೆ ಹಿಂದೆ ತಿರುಗುತ್ತಾರೆ. ಅದೇ ದೃಶ್ಯದ ಮನೆಯೊಳಗಿನ ಭಾಗವನ್ನು ನಾವು ಬೆಂಗಳೂರಿನಲ್ಲಿ ಹನ್ನೊಂದು ದಿನದ ಮೇಲೆ ತೆಗೆದೆವು. ಬಾಗಿಲು ದಾಟಿ ಒಳಗೆ ಬರುವ ಕಲಾವಿದೆಯ ಸೀರೆಯ ಯಾವ ಭಾಗಕ್ಕೆ ನೀರು ಹಾಕಬೇಕೆಂದು ಹೇಳಿದವಳು ಆ ಹುಡುಗಿ. ಛತ್ರಿ ಎಡಗೈಗೆ ಬಂದಿತ್ತು, ಅದನ್ನೂ ಅವಳೇ ಬದಲಿಸಿದಳು. ಸಂಕಲನದ ಮೇಜಿನ ಮೇಲೆ ಸಕಲೇಶಪುರದ ಮಳೆ ಮತ್ತು ಬೆಂಗಳೂರಿನ ಬಾಗಿಲು ಒಂದೇ ಕ್ಷಣವಾಗಿ ಕೂಡಿಕೊಂಡವು. ಹೀಗೆ ಆರು ತಿಂಗಳು ಬರೆದವರಿಗೆ ಶಾಟ್ ಎಂದರೇನು, ಒಂದು ಶಾಟ್ ಮುಂದಿನ ಶಾಟಿಗೆ ಏನನ್ನು ದಾಟಿಸಬೇಕು ಎಂಬುದು ಕೈಗೆ ಹತ್ತುತ್ತದೆ. ಇದನ್ನು ತರಗತಿಯಲ್ಲಿ ಹೇಳಬಹುದು, ಕಲಿಸುವುದು ಕಷ್ಟ.

ಸಹಾಯಕನ ಕೆಲಸ ಸಿಗುವುದು ಹೇಗೆ ಎಂಬುದು ಸಹಜವಾದ ಮುಂದಿನ ಪ್ರಶ್ನೆ. ನಮ್ಮ ಭಾಗದವರಿಗೆ ಇಲ್ಲೊಂದು ಅನುಕೂಲವಿದೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ತೋಟ ಮತ್ತು ಘಾಟಿ ರಸ್ತೆಗಳಿಗೆ ಚಿತ್ರತಂಡಗಳು ವರ್ಷವಿಡೀ ಬರುತ್ತಿರುತ್ತವೆ. ಪ್ರೊಡಕ್ಷನ್ ಮ್ಯಾನೇಜರಿಗೆ ಊರು ಬಲ್ಲ, ತೋಟದ ಮಾಲೀಕರ ಜತೆ ಮಾತನಾಡಬಲ್ಲ, ಯಾವ ದಾರಿಯಲ್ಲಿ ಜನರೇಟರ್ ವ್ಯಾನ್ ಹೋಗುತ್ತದೆ, ಯಾವುದರಲ್ಲಿ ಹೋಗುವುದಿಲ್ಲ ಎಂದು ತಿಳಿಸಬಲ್ಲ ಒಬ್ಬ ಹುಡುಗ ಬೇಕೇ ಬೇಕು. ಅರಣ್ಯ ಇಲಾಖೆಯ ಅನುಮತಿ ಎಲ್ಲಿಗೆ ಬೇಕು, ಬೇಲೂರು, ಹಳೇಬೀಡಿನ ದೇವಾಲಯಗಳಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಹೇಗೆ ಎಂಬುದನ್ನು ತಿಳಿದುಕೊಂಡರೆ ನಿಮ್ಮ ಬೆಲೆ ಇನ್ನೂ ಹೆಚ್ಚುತ್ತದೆ. ಹತ್ತು ದಿನ ಆ ಕೆಲಸವನ್ನು ಚೊಕ್ಕಟವಾಗಿ ಮಾಡಿಕೊಟ್ಟು, ಕೊನೆಯ ದಿನ ಸಹ ನಿರ್ದೇಶಕರ ಬಳಿ ಹೋಗಿ, ಸರ್, ಮುಂದಿನ ಚಿತ್ರದಲ್ಲಿ ನಿಮ್ಮ ವಿಭಾಗದಲ್ಲಿ ಕೆಲಸ ಕಲಿಯಬೇಕು ಎಂದು ಕೇಳಿ. ನಿರ್ದೇಶಕರ ಮನೆಯ ಮುಂದೆ ಫೈಲ್ ಹಿಡಿದು ನಿಲ್ಲುವುದಕ್ಕಿಂತ ಇದು ಬೇಗ ಫಲಿಸಿದ್ದನ್ನು ಕಂಡಿದ್ದೇನೆ, ಏಕೆಂದರೆ ಸಹಾಯಕರನ್ನು ಆರಿಸುವವರು ಸಾಮಾನ್ಯವಾಗಿ ಸಹ ನಿರ್ದೇಶಕರೇ. ಅಕ್ಷರ ದುಂಡಗಿರಲಿ, ಕನ್ನಡ ತಪ್ಪಿಲ್ಲದೆ ಬರೆಯಲು ಬರಲಿ. ದೃಶ್ಯದ ಪ್ರತಿಯನ್ನು ಕಲಾವಿದರ ಕೈಗೆ ಕೊಡುವವನು ಸಹಾಯಕ. ಅದರಲ್ಲಿ ಅಕ್ಷರದೋಷವಿದ್ದರೆ ಮಾತೇ ಕೆಡುತ್ತದೆ.

ಕೆಲಸ ಸಿಕ್ಕ ಮೇಲೆ ಬೆಂಗಳೂರಿನಲ್ಲಿ ಇರಲೇಬೇಕಾಗುತ್ತದೆ. ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲು 2017ರಲ್ಲಿ ಶುರುವಾದ ಮೇಲೆ ಹಾಸನದಿಂದ ಓಡಾಟ ಸುಲಭವಾಗಿದೆ, ನಿಜ. ಆದರೆ ಬೆಳಗಿನ ಆರು ಗಂಟೆಯ ಕಾಲ್‌ಶೀಟಿಗೆ ಊರಿನಿಂದ ಹೋಗಿ ನಿಲ್ಲಲಾಗದು. ಹೀಗಾಗಿ ಕನಿಷ್ಠ ಒಂದು ವರ್ಷದ ಬಾಡಿಗೆ ಮತ್ತು ಊಟದ ಹಣವನ್ನು ಕೈಯಲ್ಲಿಟ್ಟುಕೊಂಡು ಹೊರಡಬೇಕು. ತಂದೆಯವರ ಸಹಾಯ ಬೇಕಾಗುವುದು ಇಲ್ಲಿ, ಮತ್ತು ಇದಕ್ಕೆ ಎಕರೆ ಮಾರುವ ಅಗತ್ಯವಿಲ್ಲ. ಎರಡು ಚಿತ್ರಗಳ ನಡುವಿನ ಖಾಲಿ ತಿಂಗಳುಗಳಿಗೆ ಇನ್ನೊಂದು ದುಡಿಮೆಯೂ ಇರಲಿ. ನನ್ನನ್ನು ಉಳಿಸಿದ್ದು ಧಾರಾವಾಹಿ. ಅಲ್ಲಿ ಕಂತಿಗೆ ಇಷ್ಟು ಎಂದು ಲೆಕ್ಕ. ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಚಿತ್ರೀಕರಣ ನಡೆಯುವುದರಿಂದ ಮನೆ ನಡೆಯುತ್ತದೆ, ಮತ್ತು ದಿನಕ್ಕೆ ಇಷ್ಟು ದೃಶ್ಯ ಮುಗಿಸಲೇಬೇಕೆಂಬ ಒತ್ತಡದಲ್ಲಿ ಶಾಟ್ ಡಿವಿಷನ್ (ದೃಶ್ಯವನ್ನು ಶಾಟ್‌ಗಳಾಗಿ ವಿಂಗಡಿಸುವುದು) ಮಾಡುವ ವೇಗ ಬರುತ್ತದೆ. ಕೆಲವರು ಜಾಹೀರಾತು ಚಿತ್ರಗಳನ್ನು, ಕಂಪನಿಗಳ ಪರಿಚಯ ಚಿತ್ರಗಳನ್ನು, ಮದುವೆಯ ಚಿತ್ರಗಳನ್ನು ಮಾಡಿ ಬದುಕುತ್ತಾರೆ. ಇದರಲ್ಲಿ ಕೀಳರಿಮೆ ಪಡಬೇಕಾದದ್ದು ಏನೂ ಇಲ್ಲ. ನಿಮಗೆ ಲೆಕ್ಕಪತ್ರ ಬರುತ್ತದೆ. ಪ್ರೊಡಕ್ಷನ್ ವಿಭಾಗದಲ್ಲಿ ವೋಚರ್ ಬರೆದು ಲೆಕ್ಕ ಒಪ್ಪಿಸುವವರಿಗೆ ಯಾವಾಗಲೂ ಬೇಡಿಕೆಯಿದೆ, ಮತ್ತು ಚಿತ್ರದ ಹಣ ಎಲ್ಲೆಲ್ಲಿ ಖರ್ಚಾಗುತ್ತದೆ ಎಂಬುದನ್ನು ತಿಳಿದ ನಿರ್ದೇಶಕನನ್ನು ನಿರ್ಮಾಪಕರು ನಂಬುತ್ತಾರೆ.

ದೊಡ್ಡ ನಿರ್ಮಾಪಕರಿಲ್ಲದೆಯೂ ಚಿತ್ರ ಮಾಡಿದವರಿದ್ದಾರೆ. ಪವನ್ ಕುಮಾರ್ 2013ರ ‘ಲೂಸಿಯಾ’ಗೆ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ಬಂದದ್ದು ತೇಜಸ್ವಿಯವರ ಓದುಗರೇ ಸೇರಿಸಿದ ಹಣದಲ್ಲಿ. ಅದನ್ನು ಅರ್ಪಿಸಿದವರು ನಮ್ಮ ಅರಸೀಕೆರೆ ಕಡೆಯ ನಟ ಧನಂಜಯ. ನಮ್ಮ ಎರಡೂ ಜಿಲ್ಲೆಗಳ ಹುಡುಗರು ತೇಜಸ್ವಿಯವರ ಕಥೆಯೊಂದನ್ನು ಹಿಡಿದು ನನ್ನ ಬಳಿ ಬರುವುದು ಬಹಳ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ. ಕುಟುಂಬದವರಿಂದ ಬರಹದಲ್ಲಿ ಹಕ್ಕು ಪಡೆಯದೆ ಚಿತ್ರಕಥೆಯ ಮೊದಲ ಸಾಲನ್ನೂ ನಿರ್ಮಾಪಕರಿಗೆ ತೋರಿಸಬಾರದು.

ಸ್ವಂತ ಕಥೆಯಾದರೆ ಅದನ್ನು ಕಾಪಾಡಿಕೊಳ್ಳುವ ಕ್ರಮವನ್ನೂ ತಿಳಿದಿರಿ. ಬರೀ ಐಡಿಯಾಕ್ಕೆ ಕೃತಿಸ್ವಾಮ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಬರೆದಿಟ್ಟ ರೂಪಕ್ಕೆ ರಕ್ಷಣೆಯಿದೆ. ಆದ್ದರಿಂದ ಬಾಯಲ್ಲಿ ಕಥೆ ಹೇಳಿಕೊಂಡು ತಿರುಗುವ ಮೊದಲು ಪೂರ್ತಿ ಚಿತ್ರಕಥೆ ಬರೆಯಿರಿ. ಕೇಂದ್ರ ಸರ್ಕಾರದ ಕೃತಿಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಕೃತಿಯ ನೋಂದಣಿ ಶುಲ್ಕ 500 ರೂಪಾಯಿ, ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ನೋಂದಣಿ ಇಲ್ಲದಿದ್ದರೂ ಹಕ್ಕು ಹುಟ್ಟುತ್ತದೆ, ಆದರೆ ವಿವಾದ ಬಂದ ದಿನ ಆ ಪ್ರಮಾಣಪತ್ರ ಕೈಹಿಡಿಯುತ್ತದೆ. ನಿರ್ಮಾಪಕರಿಗೆ ಕಥೆ ಹೇಳಿದ (ನರೇಷನ್ ಕೊಟ್ಟ) ಮೇಲೆ ಇಂಥ ದಿನ ಇಂಥವರಿಗೆ ಕಥೆ ಒಪ್ಪಿಸಿದ್ದೇನೆ ಎಂದು ಒಂದು ಇ-ಮೇಲ್ ಕಳಿಸುವುದನ್ನು ರೂಢಿ ಮಾಡಿಕೊಳ್ಳಿ. ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಯುವ ಪ್ರತಿಭೆಗಳನ್ನು ಆಯ್ದು, ಗೊತ್ತುಪಡಿಸಿದ ಗಂಟೆಗಳೊಳಗೆ ಕಿರುಚಿತ್ರ ಮಾಡಿಸುವ ಕಾರ್ಯಕ್ರಮ ನಡೆಯುತ್ತಿದೆ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಚಿತ್ರಕಥಾ ಶಿಬಿರಗಳನ್ನು ನಡೆಸುತ್ತದೆ. ಪದವಿ ಮುಗಿದ ವರ್ಷದಿಂದಲೇ ಇವುಗಳಿಗೆ ಅರ್ಜಿ ಹಾಕುತ್ತಾ ಹೋಗಿ.

ತೋಟದ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ಆ ಎಕರೆಯನ್ನು ಮಾರಿಸಬೇಡಿ. ನಿರ್ದೇಶಕನ ಆದಾಯ ಮೂರು ವರ್ಷಕ್ಕೊಮ್ಮೆ ಬರುವಂಥದ್ದು. ಅಂಥ ವೃತ್ತಿಗೆ ಇಳಿಯುವ ಮನೆಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಕೈಗೆ ಬರುವ ಬೆಳೆಯೇ ಆಧಾರ. ಅದನ್ನು ಕಳೆದುಕೊಂಡು ಹೋದವರು ಸಿಕ್ಕ ಮೊದಲ ಒಪ್ಪಂದಕ್ಕೆ ಯಾವ ಷರತ್ತನ್ನೂ ಓದದೆ ಸಹಿ ಹಾಕುತ್ತಾರೆ. ಪದವಿ ಮುಗಿಸಿ, ಪುಣೆ ಮತ್ತು ಕೋಲ್ಕತ್ತದ ಪ್ರವೇಶ ಪರೀಕ್ಷೆಗಳನ್ನು ಬರೆಯಿರಿ. ಸೀಟು ಸಿಗದಿದ್ದರೆ ಸಹಾಯಕರಾಗಿ ಸೇರುವ ದಾರಿ ತೆರೆದೇ ಇದೆ. ಅಷ್ಟರೊಳಗೆ ಮಾಡಬಹುದಾದ ಒಂದು ಕೆಲಸ ನಿಮ್ಮ ಮನೆಯಂಗಳದಲ್ಲೇ ಇದೆ. ಕಾಫಿ ಕೊಯ್ಲು ಶುರುವಾದಾಗ ಫೋನ್ ಹಿಡಿದು ಹತ್ತು ನಿಮಿಷದ ಒಂದು ಚಿತ್ರ ಮಾಡಿ. ಇಡೀ ದಿನವನ್ನು ತೆಗೆಯಬೇಡಿ. ಸಂಜೆ ಹಣ್ಣು ಅಳೆಯುವ ಹೊತ್ತನ್ನು ಮಾತ್ರ ತೆಗೆಯಿರಿ: ಚೀಲ ಹೊತ್ತು ಸಾಲಾಗಿ ಬರುವ ಹೆಂಗಸರು, ತಕ್ಕಡಿಯ ಮುಳ್ಳು, ಪುಸ್ತಕದಲ್ಲಿ ಕೆ.ಜಿ. ಬರೆದುಕೊಳ್ಳುವ ನಿಮ್ಮ ತಂದೆಯವರು, ತನ್ನ ಲೆಕ್ಕ ಸರಿಯಿದೆಯೇ ಎಂದು ಇಣುಕಿ ನೋಡುವ ಕೆಲಸದಾಕೆ. ಮೊದಲು ಕಾಗದದ ಮೇಲೆ ಶಾಟ್‌ಗಳನ್ನು ಬರೆದುಕೊಳ್ಳಿ, ಆಮೇಲೆ ತೆಗೆಯಿರಿ. ಆ ಪಟ್ಟಿಯನ್ನೂ ಚಿತ್ರವನ್ನೂ ಒಟ್ಟಿಗೆ ನನಗೆ ಕಳಿಸಿ. ಬರೆದದ್ದಕ್ಕೂ ತೆಗೆದದ್ದಕ್ಕೂ ಎಲ್ಲೆಲ್ಲಿ ವ್ಯತ್ಯಾಸವಾಗಿದೆ, ಏಕೆ ಆಗಿದೆ ಎಂಬುದರಿಂದ ನಮ್ಮ ಮುಂದಿನ ಮಾತನ್ನು ಶುರುಮಾಡಬಹುದು.